ಬಚ್ಚಲ ಕಲ್ಲಿನ ಸಾಕ್ಷಿ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸೂಲಿಬೆಲೆಯಾಚೆಯ ಮೂಡಲಕೋಟೆಯಲ್ಲಿ ಹಾಲಿನ ಡೇರಿಗೆ ಬಂದವರು ಒಬ್ಬರನ್ನೊಬ್ಬರು ಕೆಮ್ಮಿನಿಂದಲೇ ಗುರುತು ಹಿಡಿಯುತ್ತಿದ್ದರು. ಮುಖ ಕಾಣದ ಧೈರ್ಯದಲ್ಲೇ ಅಪ್ಪಯ್ಯಣ್ಣ ಬಾಯಿ ಬಿಟ್ಟಿದ್ದು.

ಊರು ಕಟ್ಟಿದ ಮನೆತನದ ಹೆಸರು ಬರೆಸಿ ಕೋಟೆಬೀದಿಯಲ್ಲಿ ಫಲಕ ನಿಲ್ಲಿಸಲು ಪಂಚಾಯಿತಿ ತೀರ್ಮಾನಿಸಿತ್ತು. ಶಾಸನ ಓದುವ ಪದ್ಮಶ್ರೀ ಮೇಡಂ ಅಂದೇ ಬರುವವರಿದ್ದರು. ಅಂದು ಬನದ ಹುಣ್ಣಿಮೆ ಬೇರೆ. ಊರು ಹುಟ್ಟಿದ ದಿನ ನೆಟ್ಟ ಕರುವುಗಲ್ಲಿಗೆ ಸಂಜೆ ಪೂಜೆಯಾದ ಮೇಲೆ ಮೊದಲ ವೀಳ್ಯ ಎತ್ತುವುದು ತಲೆತಲಾಂತರದಿಂದ ಅಪ್ಪಯ್ಯಣ್ಣನ ಮುನಿಯನವರ ಮನೆತನ. ಫಲಕದ ಮೇಲೆ ಇನ್ಯಾರ ಹೆಸರು ಬಂದೀತು ಎಂಬುದು ಅವನ ವಾದ.

ಪಕ್ಕದ ಮನೆಯ ದೊಡ್ಡವೆಂಕಟಪ್ಪ ಮಂಜಿನೊಳಗಿಂದ, “ವೀಳ್ಯ ಎತ್ತಿದೋರೆಲ್ಲ ಊರು ಕಟ್ಟಿದೋರಾದ್ರೆ, ಮದುವೇಲಿ ಉಂಡೋರೆಲ್ಲ ಮದುಮಕ್ಕಳು ಕಣಪ್ಪಾ. ದಾಖಲೆ ಎಲ್ಲೈತೆ?” ಎಂದ.

“ನಮ್ಮ ಬಚ್ಚಲಲ್ಲೈತೆ. ನಿಂತು ನೀರು ಹುಯ್ಕೊಳ್ಳೋ ಕಲ್ಲಿನ ಅಡೀಲಿ ಅಕ್ಷರ ಐತೆ ಅಂತ ನಮ್ಮಜ್ಜಿ ಹೇಳ್ತಿದ್ಲು.”

ಅಕ್ಷರ ಇದೆ ಎಂದಿದ್ದಳೇ ಹೊರತು, ಏನೆಂದು ಇದೆ ಎಂದು ಅಜ್ಜಿ ಹೇಳಿರಲಿಲ್ಲ.

ಎಂಟು ಗಂಟೆಗೆ ಅರ್ಧ ಊರು ಅವನ ಬಚ್ಚಲಲ್ಲಿತ್ತು. ಹಂಡೆ ಕಾದಿದೆ, ಸ್ನಾನ ಮುಗಿಸಿ ಕಲ್ಲು ಕೀಳಿ ಎಂದು ಹೆಂಡತಿ ಬನಶಂಕರಿ ಹೇಳಿದಳು. “ಹೊರಗಿಂದ ಬಂದೋಳು, ಊರಿನ ವಿಷಯ ನಿನಗೇನು ಗೊತ್ತು?” ಎಂದ ಅಪ್ಪಯ್ಯಣ್ಣ. ಮೂವತ್ತೆರಡು ವರ್ಷದಿಂದ ಅವಳ ಯಾವ ಮಾತಿಗೂ ಅವನದು ಇದೊಂದೇ ಉತ್ತರ. ಅವಳು ಜಡಿಗೇನಹಳ್ಳಿಯ ಗಂಟೆಯವರ ಮನೆಯ ಮಗಳು. ಆ ಮನೆಯ ದೇವರಗೂಡಿನಲ್ಲಿ ಯಾರೂ ಬಾರಿಸದ ಹಳೆಯ ಕಂಚಿನ ಗಂಟೆಯೊಂದಿತ್ತು. ಏಕೆಂದು ಅವರಿಗೂ ತಿಳಿಯದು.

ಕಲ್ಲು ಮುದುಕನ ಕೊನೆಯ ಹಲ್ಲಿನಂತೆ ಹಟ ಹಿಡಿಯಿತು. ಎಂಟು ಜನ ಎಂಟು ಕಡೆಯಿಂದ ಬುದ್ಧಿ ಹೇಳಿದರು. ಹಾರೆ ಜಾರಿ ಹಂಡೆಗೆ ತಗುಲಿ, ಕಾದ ನೀರೆಲ್ಲ ಗೋಡೆಯ ಕಿಂಡಿಯಿಂದ ಹರಿದು ದೊಡ್ಡವೆಂಕಟಪ್ಪನ ಅಂಗಳದ ರಾಗಿಯನ್ನು ನೆನೆಸಿತು. ಅವನು ಮಾತ್ರ ಅಲ್ಲಾಡಲಿಲ್ಲ. ರಾಗಿ ಹೋದರೆ ಹೋಗಲಿ, ನಿಜ ಬರಲಿ ಎಂದ.

ಕೊನೆಗೆ ಕಲ್ಲು ಮಗುಚಿತು. ತೊಳೆದು ರಾಗಿಹಿಟ್ಟು ಸವರಿದಾಗ ಮೇಲ್ತುದಿಯಲ್ಲಿ ಸೂರ್ಯ ಚಂದ್ರರು ಮೂಡಿದರು, ಕೆಳಗೆ ಸಾಲು ಸಾಲು ಅಕ್ಷರ ಎದ್ದು ನಿಂತಿತು. ಯಾರೋ ಮೆಲ್ಲಗೆ ಚಪ್ಪಲಿ ಬಿಟ್ಟರು. ನೆರೆದವರಲ್ಲಿ ಹಿರಿಯಳಾದ ಸಪ್ಪಲಮ್ಮ ಕೈ ಮುಗಿದಳು. ಎಷ್ಟು ತಲೆಮಾರಿನ ಸೀಗೆಪುಡಿ, ಸೋಪಿನ ನೀರು ಕುಡಿದರೂ ಕೊಟ್ಟ ಮಾತಿನ ಒಂದಕ್ಷರವನ್ನೂ ಮರೆಯದ ಕಲ್ಲು! ಇಷ್ಟು ದಿನ ಇದರ ಬೆನ್ನ ಮೇಲೆ ನಿಂತೆನಲ್ಲ ಎಂದು ಅಪ್ಪಯ್ಯಣ್ಣ ಒಂದು ಹೆಜ್ಜೆ ಹಿಂದೆ ಸರಿದ.

ಪದ್ಮಶ್ರೀ ಮೇಡಂ ಬೆರಳಿಟ್ಟು ನಿಧಾನವಾಗಿ ಓದಿ ಅರ್ಥ ಹೇಳಿದರು. “ಕಾಡು ಕಡಿದು ಕರುವುಗಲ್ಲು ನೆಟ್ಟವನು ಗಂಟೆಯ ತಿಮ್ಮಗೌಡ. ಜಡಿಗೇನಹಳ್ಳಿಗೆ ಕೆರೆ ಕಟ್ಟಲು ಹೊರಟಾಗ ಊರ ಗಂಟೆಯನ್ನು ಜೊತೆಗೆ ಒಯ್ದ. ಮೊದಲ ವೀಳ್ಯವನ್ನು ತನ್ನ ಎತ್ತು ಕಾಯುವ ಮುನಿಯನ ವಶಕ್ಕೆ ಬಿಟ್ಟ. ಗಂಟೆಯ ಮನೆಯವರು ತಿರುಗಿ ಬರುವ ತನಕ.”

ಕಲ್ಲನ್ನು ಮುಖ ಕೆಳಗಾಗಿ ಹಾಸಿದ ಹಿರಿಯರ ಜಾಣತನ ಅಪ್ಪಯ್ಯಣ್ಣನಿಗೆ ಆಗ ತಿಳಿಯಿತು.

“ಅವ್ರು ಬಂದು ಮೂವತ್ತೆರಡು ವರ್ಷ ಆಯ್ತಲ್ಲಪ್ಪಾ,” ಎಂದ ದೊಡ್ಡವೆಂಕಟಪ್ಪ. “ನಿನ್ನ ಬಚ್ಚಲ ಒಲೆಗೆ ಸೌದೆ ಇಡ್ತಾ ಅವ್ರೆ.”

ಎಲ್ಲರೂ ತಿರುಗಿ ನೋಡಿದರು. ಬನಶಂಕರಿ ಒದ್ದೆ ಸೌದೆ ಆಯುತ್ತಿದ್ದಳು.

ಸಂಜೆ ಅಪ್ಪಯ್ಯಣ್ಣ ದೊಡ್ಡವೆಂಕಟಪ್ಪನನ್ನೇ ಬೇಡಿ, ಅವನ ಬಚ್ಚಲಲ್ಲಿ ಮಿಂದು ಪೂಜೆಗೆ ಬಂದ. ಹುಣ್ಣಿಮೆಯ ಬೆಳಕು ಕರುವುಗಲ್ಲಿನ ಮೇಲೆ ಬಿದ್ದಿತ್ತು. ಪೂಜಾರಿ ರೂಢಿಯಂತೆ ತಟ್ಟೆಯನ್ನು ಅವನತ್ತಲೇ ಚಾಚಿದ. ಅವನು ವೀಳ್ಯವನ್ನು ಎತ್ತಿಕೊಂಡು ಹಿಂದೆ ತಿರುಗಿ, ಹೆಗಲ ವಲ್ಲಿಯನ್ನು ಸೊಂಟಕ್ಕಿಳಿಸಿ, ಎರಡೂ ಕೈಯಿಂದ ಹೆಂಡತಿಯ ಬೊಗಸೆಯಲ್ಲಿಟ್ಟ.