ಎಮ್ಮೆಗೆ ಬುಧವಾರದ ರಜೆ

ದಾರಿಯಲ್ಲಿ ಎಮ್ಮೆ ಎದುರಾದರೆ ನಾನು ಕಣ್ಣು ತಪ್ಪಿಸುತ್ತೇನೆ. ಸಾಲ ಕೊಟ್ಟವರನ್ನೋ ಹಳೆಯ ಮೇಷ್ಟ್ರನ್ನೋ ಕಂಡು ಪಕ್ಕಕ್ಕೆ ಸರಿಯುವವರನ್ನು ನೀವು ನೋಡಿರಬಹುದು. ಎಮ್ಮೆಗೆ ಮುಖ ತೋರಿಸಲಾಗದವನು ನಾನೊಬ್ಬನೇ ಇರಬೇಕು. ಅದೂ ಹಾಲು ಒಕ್ಕೂಟದಲ್ಲಿ ವಿಸ್ತರಣಾಧಿಕಾರಿಯಾಗಿದ್ದುಕೊಂಡು! ಹುದ್ದೆಯ ಹೆಸರು ಉದ್ದ, ಕೆಲಸ ಸಣ್ಣದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನ ಹಳ್ಳಿಗಳಿಗೆ ಬೈಕಿನಲ್ಲಿ ಹೋಗಿ, 'ಹಾಲನ್ನು ಸಂಘಕ್ಕೇ ಹಾಕಿ, ಹೊರಗೆ ಮಾರಬೇಡಿ' ಎಂದು ಹೇಳಿ ಬರುವುದು. ನಿದ್ದೆಯಲ್ಲೂ ಇದನ್ನೇ ಹೇಳುತ್ತೇನೆಂದು ನನ್ನ ಹೆಂಡತಿ ಶಾರದಾಳ ದೂರು.

ಈ ಕೆಲಸದ ಕಷ್ಟವೆಂದರೆ ಎಮ್ಮೆಗಳು ನಮ್ಮ ಕಚೇರಿಯ ಕ್ಯಾಲೆಂಡರ್ ನೋಡುವುದಿಲ್ಲ. ಮಳೆ ಮುಗಿದು ಹಸಿಮೇವು ಸಿಗುವ ಹೊತ್ತಿಗೆ ಎಲ್ಲವೂ ಮಾತಾಡಿಕೊಂಡವರಂತೆ ಒಟ್ಟಿಗೆ ಈಯುತ್ತವೆ. ಚಳಿಗಾಲದಲ್ಲಿ ಹಾಲೋ ಹಾಲು. ಆದರೆ ಆಗ ಜನಕ್ಕೆ ಮೊಸರೂ ಬೇಡ, ಮಜ್ಜಿಗೆಯೂ ಬೇಡ. ಉಳಿದದ್ದನ್ನು ಹಾಲಿನ ಪುಡಿಗೆ, ಬೆಣ್ಣೆಗೆ ಕಳಿಸುತ್ತೇವೆ. ಬೇಸಿಗೆ ಬಂದರೆ ಊರೆಲ್ಲ ಮಜ್ಜಿಗೆ, ಲಸ್ಸಿ, ಮದುವೆ ಊಟ. ಆಗ ಎಮ್ಮೆಗಳು ಹಾಲು ಬತ್ತಿಸಿಕೊಂಡು ನೆರಳಿನಲ್ಲಿ ಆರಾಮಾಗಿ ಮೆಲುಕು ಹಾಕುತ್ತಿರುತ್ತವೆ. ಚಳಿಗಾಲದ ಪುಡಿಯನ್ನು ಕಲಸಿ ನಾವು ಕೊರತೆ ತುಂಬುತ್ತೇವೆ.

ಹೋದ ಚಳಿಗಾಲದಲ್ಲಿ ಪುಡಿ ಮಾಡುವವರೇ ಇನ್ನು ಹಾಲು ಬೇಡವೆಂದು ಕೈ ಎತ್ತಿಬಿಟ್ಟರು. ಬುಧವಾರ ಸಂಜೆ ಹಾಲು ತೆಗೆದುಕೊಳ್ಳಬೇಡಿ ಎಂದು ಆಜ್ಞೆಯಾಯಿತು. ಅದನ್ನು ತಿಳಿಸಲು ಮಸ್ಕಿ ರಸ್ತೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು ಹುಸೇನಬಿ. ಐದು ಎಮ್ಮೆ, ಒಂದು ಮೊಪೆಡ್, ಐವತ್ತು ದಾಟಿದ ವಯಸ್ಸು, ಯಾರಿಗೂ ಅಂಜದ ಬಾಯಿ. ಸಂಘದ ಸಭೆಯಲ್ಲಿ ನನ್ನ ಮಾತು ಮುಗಿಯುತ್ತಲೇ ಎದ್ದು ನಿಂತಳು.

"ಸಾಹೇಬ್ರ, ಜರಾ ನಮ್ಮ ಮನಿ ತನಕ ಬರ್ರಿ."

ಇಡೀ ಸಂಘ ಹಿಂದೆ ಬಂತು. ದೊಡ್ಡ ಎಮ್ಮೆಯ ಮುಂದೆ ನನ್ನನ್ನು ನಿಲ್ಲಿಸಿ, "ನಾ ಹೇಳಿದ್ರ ಇದು ಕೇಳಂಗಿಲ್ರಿ. ನೀವು ಓದಿದವ್ರು. ಬುಧವಾರ ಸಂಜಿಮುಂದ ಛುಟ್ಟಿ ಐತಿ ಅಂತ ನೀವ ಹೇಳಿಬಿಡ್ರಿ" ಎಂದಳು. ಎಮ್ಮೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಉದ್ದಕ್ಕೆ ಉಸಿರುಬಿಟ್ಟು ಮುಖ ತಿರುಗಿಸಿತು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಹುಸೇನಬಿ ಮಾತ್ರ ನಗಲಿಲ್ಲ. "ಹಿಂಡಿದ ಹಾಲು ಚೆಲ್ಲಾಕ ಕೈ ಬರಂಗಿಲ್ರಿ" ಎಂದಳು ಮೆಲ್ಲಗೆ. ಸಿಂಧನೂರು ಮುಟ್ಟುವ ತನಕ ಆ ಮಾತು ಬೈಕಿನ ಹಿಂದಿನ ಸೀಟಿನಲ್ಲಿ ಕೂತೇ ಬಂತು.

ಬೇಸಿಗೆಯಲ್ಲಿ ಆ ಸಂಘದ ಹಾಲು ಅರ್ಧಕ್ಕಿಳಿಯಿತು. ಇನ್ನೂ ಇಳಿದರೆ ಹಾಲಿನ ಟೆಂಪೋ ಆ ಊರಿಗೆ ಹೋಗುವುದಿಲ್ಲ ಎಂದರು ಮೇಲಿನವರು. ಟೆಂಪೋ ನಿಂತರೆ ಸಂಘ ಮುಚ್ಚಿದಂತೆಯೇ. ಒಂದೇ ಎಮ್ಮೆ ಕಟ್ಟಿದವರು ಎರಡು ಲೀಟರು ಹಾಲು ಹಿಡಿದು ಎಲ್ಲಿಗೆ ಹೋಗಬೇಕು? ಗಾಬರಿಯಿಂದ ಓಡಿದೆ. "ಹುಸೇನಬಿ ಹಾಲು ಬರವಲ್ದು ಸರ್. ಆಕಿ ಸಿಂಧನೂರಾಗ ಮನಿಮನಿಗಿ ಹಾಕಾಕತ್ತಾಳ" ಎಂದು ಸಂಘದ ಕಾರ್ಯದರ್ಶಿ ಪಿಸುಗುಟ್ಟಿದ.

ಮಾಲು ಸಮೇತ ಹಿಡಿದರಷ್ಟೇ ಬಗ್ಗುವ ಹೆಂಗಸು ಎಂದುಕೊಂಡು ಮರುದಿನ ಸಂಜೆ ಊರಾಚೆ ಬೇವಿನ ಮರದಡಿ ಕಾದೆ. ಎರಡೂ ಕಡೆ ಕ್ಯಾನು ಕಟ್ಟಿದ ಮೊಪೆಡ್ ಬಂತು, ಹಿಂಬಾಲಿಸಿದೆ. ಹೆಲ್ಮೆಟ್ ಹಾಕಿದ್ದರಿಂದ ಗುರುತು ಸಿಗಲಾರದೆಂಬ ಧೈರ್ಯ. ಇಡೀ ರಸ್ತೆಯಲ್ಲಿ ಹೆಲ್ಮೆಟ್ ಹಾಕಿದವನು ನಾನೊಬ್ಬನೇ ಎಂಬುದು ಹೊಳೆಯಲಿಲ್ಲ. ಸಿಂಧನೂರಿನ ಒಂದು ಓಣಿಯಲ್ಲಿ ನಾಲ್ಕು ಮನೆಗೆ ಹಾಲು ಅಳೆದಳು. ನಾನು ಬೈಗುಳಕ್ಕೆ ತಕ್ಕ ಪದ ಹುಡುಕುತ್ತಿದ್ದೆ. ಆಮೇಲೆ ಇನ್ನೊಂದು ಓಣಿ. ಅದು ನನಗೆ ಬಹಳ ಪರಿಚಯದ್ದು. ಅಲ್ಲಿನ ಹಸಿರು ಗೇಟಿನ ಮುಂದೆ ಮೊಪೆಡ್ ಹಾರ್ನ್ ಹೊಡೆಯಿತು. ಪಾತ್ರೆ ಹಿಡಿದು ಹೊರಬಂದವಳು ಶಾರದಾ.

"ಯಾಕ ಬೀಬಿ, ಇವತ್ತ ತಡಾ?"

"ಏನ್ ಮಾಡ್ಲಿ ಅಕ್ಕಾವ್ರ, ಹಿಂದ ನಿಮ್ಮ ಸಾಹೇಬ್ರು ಬರಾಕತ್ತಿದ್ರು. ಜೋರ್ ಹೊಡದ್ರ ದಾರಿ ತಪ್ಪಿಸ್ಕೊಂಡಾರು ಅಂತ ಸಾವಕಾಶ ಬಂದೆ."

ಹೆಲ್ಮೆಟ್ ತೆಗೆದೆ. "ಯಾವಾಗಿಂದ ನಡದೈತಿ ಇದು?"

"ನೀವು ಬುಧವಾರ ಬ್ಯಾಡ ಅಂದಾಗಿಂದ್ರಿ" ಎಂದಳು ಶಾರದಾ. "ಚೆಲ್ಲಾಕ ಮನಸ್ಸಾಗ್ಲಿಲ್ಲ ಅಂತ ಓಣಿಗಿ ತಂದಿದ್ಲು, ಪಾಪ. ಒಂದಿನ ತಗೊಂಡ್ವಿ. ಆಮ್ಯಾಲ ಬ್ಯಾರೆ ಹಾಲು ಬಾಯಿಗಿ ಹತ್ತಲಿಲ್ಲ."

"ಮತ್ತ ನಾ ದಿನಾ ತರೋ ಪಾಕೀಟು?"

"ಓಣ್ಯಾಗಿನ ಬೆಕ್ಕಿಗಿ ಭಾಳ ಸೇರತೈತ್ರಿ."

ಮೂವರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಟೆಂಪೋ ವಿಷಯ ಹೇಳಿದೆ. ಹುಸೇನಬಿಗೆ ಅದು ಗೊತ್ತಿರಲಿಲ್ಲ. ಸಾಸರು ಕೆಳಗಿಟ್ಟಳು. "ನನ್ನ ಸಲುವಾಗಿ ಸಂಘ ಮುಚ್ಚಿದ್ರ ಬಾಜೂಮನಿ ಈರಮ್ಮ ಏನ್ ಮಾಡ್ಬೇಕ್ರಿ? ಆಕಿಗಿ ಇರೋದ ಒಂದ ಎಮ್ಮಿ. ಇನ್ನ ಮುಂದ ಮುಂಜಾನಿ ಹಾಲು ಸಂಘಕ್ಕ, ಸಂಜೀದು ಓಣಿಗಿ. ಚಳಿಗಾಲದಾಗ ಮಾತ್ರ ಮತ್ತ ಬ್ಯಾಡ ಅನಬಾರ್ದು, ನೋಡ್ರಿ."

ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಅಂಥ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಆದರೆ ಚಹಾ ಬಹಳ ಚೆನ್ನಾಗಿತ್ತು. ಟೆಂಪೋ ಇಂದಿಗೂ ಆ ಊರಿಗೆ ಹೋಗುತ್ತಿದೆ.

ಹೋದ ವಾರ ನಮ್ಮ ಮೇಲಧಿಕಾರಿಗಳು ಮನೆಗೆ ಬಂದಿದ್ದರು. ಒಂದು ಗುಟುಕು ಚಹಾ ಕುಡಿದು ಕಣ್ಣು ಮುಚ್ಚಿ, "ಆಹಾ! ನೋಡಿ, ನಮ್ಮ ಪಾಕೀಟಿನ ಹಾಲಿಗೆ ಸಮ ಯಾವುದಿದೆ?" ಎಂದರು. ಒಳಗೆ ಶಾರದಾ ಕೆಮ್ಮಿದಳು. ನಾನು "ಹೌದು ಸರ್" ಎಂದು ಅವರಿಗೆ ಇನ್ನೊಂದು ಕಪ್ಪು ತರಿಸಿದೆ.