ಹೆಂಡತಿಯ ಬೈಗುಳವನ್ನು ಮರಳಿ ಮಂಜೂರು ಮಾಡುವ ಕುರಿತು

ಇಂದ,
ಕಿಟಕಿ ಪಕ್ಕದ ಮಂಚದ ದರ್ಜಿ,
ಡಯಾಲಿಸಿಸ್ ವಿಭಾಗ.

ಗೆ,
ಮಾನ್ಯ ಕಿಡ್ನಿ ಡಾಕ್ಟರು,
ಅದೇ ವಿಭಾಗ.

ವಿಷಯ: ಸೂಜಿ ಚುಚ್ಚುವ ವೇಳೆ ಹೆಂಡತಿಯಿಂದ ಬೈಸಿಕೊಳ್ಳುವ ಸೌಲಭ್ಯವನ್ನು ಮರಳಿ ಒದಗಿಸುವ ಬಗ್ಗೆ.

ಉಲ್ಲೇಖ: ಕಳೆದ ವಾರ ಕಾರಿಡಾರಿನಲ್ಲಿ ತಾವು ಅವಳಿಗೆ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಬಟ್ಟೆಗೆ ಸೂಜಿ ಚುಚ್ಚಿಯೇ ಹೊಟ್ಟೆ ಹೊರೆದವನು ನಾನು. ಆದರೆ ನನ್ನದೇ ತೋಳಿನತ್ತ ಸೂಜಿ ಬಂದರೆ ಕೈಕಾಲು ತಣ್ಣಗಾಗುತ್ತವೆಂದು ನಾಚಿಕೆ ಬಿಟ್ಟು ತಿಳಿಸುತ್ತೇನೆ.

1. ಸದರಿ ಭಯಕ್ಕೆ ಸಿಸ್ಟರ್ ಅವರು ಔಷಧಿಯಿಲ್ಲದ ಉಪಾಯಗಳನ್ನು ಒಂದೊಂದಾಗಿ ಪ್ರಯೋಗಿಸಿದರು. ಮಂಜುಗಡ್ಡೆ ಉಜ್ಜಿದರು; ಚಳಿಗೆ ತೋಳು ನಡುಗಿ ಸೂಜಿಯೇ ಕಾಯಬೇಕಾಯಿತು. ಚುಚ್ಚುವಾಗ ಕೆಮ್ಮಿ ಎಂದರು. ಅವಸರಪಟ್ಟು ಮೊದಲೇ ಕೆಮ್ಮಿ ಮುಗಿಸಿದೆ. ಹಿಸುಕಲು ಕೊಟ್ಟ ರಬ್ಬರ್ ಚೆಂಡು ಚಿಮ್ಮಿ ಪಕ್ಕದ ಮಂಚದ ಮೇಷ್ಟ್ರ ಮೂಗಿಗೆ ಬಡಿಯಿತು.

2. ಅಷ್ಟರಲ್ಲಿ ಹೆಂಡತಿ ಬಾಗಿಲಿಂದಲೇ ಶುರು ಮಾಡಿದಳು: "ಏನ್ರೀ, ನಲ್ಲಿ ಹಾಗೇ ಬಿಟ್ಟು ಬಂದಿದೀರಲ್ಲ! ಟ್ಯಾಂಕ್ ಪೂರ್ತಿ ಖಾಲಿ! ಗ್ಯಾನ ಎಲ್ಲಿಟ್ಟಿರ್ತೀರಿ?"

"ಕೊನೇಲಿ ಮುಖ ತೊಳೆದೋಳು ಯಾರೇ?" ಎಂದು ನಾನೂ ಬಿಡಲಿಲ್ಲ. ವಾದ ಕಾವೇರುವ ಹೊತ್ತಿಗೆ ಯಂತ್ರ ಓಡುತ್ತಿತ್ತು.

"ಚುಚ್ಚಿಬಿಟ್ರಾ ಸಿಸ್ಟರ್?" ಎಂದೆ.

"ಆಗ್ಲೇ ಆಯ್ತು. ನೀವು ಜಗಳ ಮುಂದುವರಿಸಿ."

ಅಂದಿನಿಂದ ಇದೇ ಕ್ರಮ ಜಾರಿಯಲ್ಲಿತ್ತು. ಮೇಷ್ಟ್ರೂ ನಮ್ಮ ಜಗಳದ ಹೊತ್ತಿಗೇ ತಮ್ಮ ಸೂಜಿ ಹಾಕಿಸಿಕೊಳ್ಳುತ್ತಿದ್ದರು.

3. ಹೀಗಿರುವಲ್ಲಿ ತಾವು ಅವಳಿಗೆ, "ಅವರ ಮನಸ್ಸಿಗೆ ನೋವು ಮಾಡಬೇಡಿಮ್ಮಾ" ಎಂದಿರಿ. ಆ ಕಾರಣ, ಅವಳೀಗ ನನ್ನ ತಲೆ ಸವರಿ "ಹೆದರ್ಕೋಬೇಡಿ, ನಾನಿದೀನಲ್ಲ" ಎನ್ನುತ್ತಾಳೆ. ಆ ಕಾರಣ, ಸೂಜಿ ಪೂರಾ ನೋಯುತ್ತಿದೆ. ಒದ್ದೆ ಟವಲನ್ನು ಬೇಕೆಂದೇ ಹಾಸಿಗೆ ಮೇಲೆ ಎಸೆದೆ, ಮಾತಿಲ್ಲದೆ ಒಣಹಾಕಿದಳು.

4. ನಿಜ ಹೇಳುತ್ತೇನೆ, ಈಗ ಸೂಜಿಗಿಂತ ಇದಕ್ಕೇ ಹೆದರಿಕೆ. ಮದುವೆಯಾದಾಗಿನಿಂದ ಅವಳು ಇಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ನನಗೆ ಹೇಳದ್ದೇನನ್ನಾದರೂ ತಾವು ಅವಳಿಗೆ ಹೇಳಿದ್ದೀರಾ?

ಆದ್ದರಿಂದ, ಸದರಿ ಆದೇಶವನ್ನು ಹಿಂಪಡೆದು, ಶುಕ್ರವಾರದ ಸೂಜಿಗೆ ಮುಂಚೆ ಬೈಗುಳ ಪುನರಾರಂಭಿಸುವಂತೆ ಅವಳಿಗೆ ಸೂಚಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ದರ್ಜಿ
(ಬಲಗೈಯಲ್ಲಿ ಬರೆದದ್ದು; ಎಡಗೈ ಯಂತ್ರದ ವಶದಲ್ಲಿದೆ)

ಲಗತ್ತು:
1. ಮೇಷ್ಟ್ರ ಬೆಂಬಲ ಪತ್ರ.
2. ಟವಲ್ (ಈಗ ಒಣಗಿದೆ).

ಷರಾ (ಅರ್ಜಿ ತಲುಪಿಸಲು ಹೊರಟ ಹೆಂಡತಿಯ ಕೈಬರಹ):
ಡಾಕ್ಟ್ರೇ, ನೀವು ಹೇಳಿದ್ರಿ ಅಂತ ಬಾಯಿ ಮುಚ್ಕೊಂಡಿದ್ದೆ, ಅಷ್ಟೇ. ಬೇರೆ ಗುಟ್ಟು ಏನೂ ಇಲ್ಲ ಅಂತ ಈ ಮನುಷ್ಯನಿಗೆ ನೀವೇ ಹೇಳಿ. ಟವಲ್ ಬೇಕಂತಲೇ ಎಸೆದ್ರಂತೆ! ಶುಕ್ರವಾರ ಬರ್ಲಿ. ಸಿಸ್ಟರ್ ಸೂಜಿ ರೆಡಿ ಇಟ್ಕೊಂಡಿರ್ಲಿ, ನಾನು ಬಾಗಿಲಿಂದಲೇ ಶುರು ಮಾಡ್ತೀನಿ.