ಎರಡು ಕೈ ಎತ್ತಿದ ಕಡೆ ಗಾಡಿ

೧೯೪೬ನೆಯ ಇಸವಿ, ಬೇಸಿಗೆಯ ಒಂದು ಸೋಮವಾರ, ಬೆಳಗ್ಗೆ ಏಳು ಗಂಟೆ. ಸ್ಥಳ: ನಮ್ಮೂರ ಮುಂದೆ ರಾಯಚೂರು, ದೇವದುರ್ಗ, ಮಾನ್ವಿಯ ದಾರಿಗಳು ಕೂಡುವಲ್ಲಿ ನಿಂತ ಎತ್ತಿನ ಗಾಡಿ. ಹಾಜರಿದ್ದವರು: ಗಾಡಿಯೊಳಗೆ ನನ್ನ ಅಕ್ಕ ಈರಮ್ಮ, ಹೊರಗೆ ಭಾವ, ಅವರ ಮಕ್ಕಳಾದ ಭೀಮಣ್ಣ, ಮಲ್ಲಣ್ಣ, ಮತ್ತು ಶಾಲೆಯ ಮಾಸ್ತರನಾದ ನಾನು. ಕುಡುಗೋಲು ತಾಗಿದ್ದ ಅಕ್ಕನ ಕಾಲು ಕೀವು ತುಂಬಿ ಬಾತಿತ್ತು. ತಡಮಾಡಿದರೆ ಕಾಲು ಉಳಿಯುವಂತಿರಲಿಲ್ಲ.

ಭಾವನಿಗೆ ರಾಯಚೂರಿನ ದವಾಖಾನೆಯೇ ಆಗಬೇಕು. ಇಲ್ಲದಿದ್ದರೆ ದೇವದುರ್ಗದ ನಾಟಿ ವೈದ್ಯ. ಮಾನ್ವಿಯ ಹಕೀಮರೊಡನೆ ಅವರಿಗೆ ಹಳೆಯ ಜಗಳ. ಭೀಮಣ್ಣನಿಗೆ ದೇವದುರ್ಗ, ಅದಾಗದಿದ್ದರೆ ಮಾನ್ವಿ. ದವಾಖಾನೆ ಎಂದರೆ ಅವನಿಗೆ ಭಯ. ಮಲ್ಲಣ್ಣನಿಗೆ ಮಾನ್ವಿ, ಅದಾಗದಿದ್ದರೆ ರಾಯಚೂರು. ದೇವದುರ್ಗ ಅಣ್ಣನ ಮಾವನ ಮನೆಯ ಊರಾದ್ದರಿಂದ ಬೇಡವೇ ಬೇಡ.

“ಜಗಳ ಬ್ಯಾಡ್ರಿ,” ಎಂದೆ. “ಎರಡೆರಡು ಊರ ಹೆಸರು ಹೇಳ್ತೀನಿ. ನೀವು ಮೂವರು ಕೈ ಎತ್ರಿ. ಎರಡು ಕೈ ಎದ್ದ ಕಡೆ ಗಾಡಿ.” ಶಿಸ್ತಿನ ಮುಂದೆ ಯಾವ ಗೊಂದಲವೂ ನಿಲ್ಲುವುದಿಲ್ಲ ಎಂದು ನಾನು ನಂಬಿದ್ದ ಕಾಲವದು.

ಒಳಗಿನಿಂದ ಅಕ್ಕ ಕೇಳಿದಳು: “ತಮ್ಮಾ, ಕಾಲು ನಂದು. ನನ್ನ ಕೈ ಲೆಕ್ಕಕ್ಕ ಬರೂದಿಲ್ಲೇನು?”

“ಸುಮ್ನ ಮಲಕ್ಕೋ ಅಕ್ಕಾ. ನಾಕು ಮಂದಿ ಆದ್ರ ಸರಿಸಮ ಆಗಿಬಿಡ್ತದ.”

ರಾಯಚೂರೋ ದೇವದುರ್ಗವೋ? ಭಾವ, ಮಲ್ಲಣ್ಣ ಇಬ್ಬರೂ ರಾಯಚೂರೆಂದರು. ಗಾಡಿ ಅತ್ತ ತಿರುಗಿತು.

“ಮಾಮಾ, ಮಾನ್ವಿ ಕೇಳಲೇ ಇಲ್ಲಲ್ಲ?” ಎಂದ ಭೀಮಣ್ಣ. ನ್ಯಾಯವಾದ ಆಕ್ಷೇಪಣೆ. ಕೇಳಿದೆ. ಮಕ್ಕಳಿಬ್ಬರೂ ರಾಯಚೂರಿಗಿಂತ ಮಾನ್ವಿ ಎಂದರು. ಗಾಡಿ ತಿರುಗಿತು.

“ದೇವದುರ್ಗಕ್ಕಿಂತ ಮಾನ್ವಿ ಹೆಚ್ಚಾತೇನ್ರಿ ಮಾಸ್ತರ?” ಎಂದರು ಭಾವ. ಮತ್ತೆ ಕೇಳಿದೆ. ಅವರೂ ಭೀಮಣ್ಣನೂ ದೇವದುರ್ಗಕ್ಕೆ ಕೈ ಎತ್ತಿದರು. ಗಾಡಿ ತಿರುಗಿತು.

“ದೇವದುರ್ಗ ಆಗಲೇ ರಾಯಚೂರಿಗೆ ಸೋತದಲ್ಲ ಮಾಮಾ,” ಎಂದ ಮಲ್ಲಣ್ಣ.

ಅದೂ ನಿಜವೇ. ಪ್ರತಿ ಸಲವೂ ಸ್ಪಷ್ಟ ಬಹುಮತ. ಪ್ರತಿ ಬಹುಮತಕ್ಕೂ ಇನ್ನೊಂದು ಬಹುಮತ ಅಡ್ಡ. ಎಲ್ಲಿಯೋ ಎಣಿಕೆ ತಪ್ಪಿದೆಯೆಂದು ಮೊದಲಿನಿಂದ ಶುರು ಮಾಡಿದೆ. ಬಿಸಿಲೇರಿತು. ಅಕ್ಕ ನರಳುವುದನ್ನೂ ನಿಲ್ಲಿಸಿದಳು.

ಮಧ್ಯಾಹ್ನ ಹತ್ತಿ ತುಂಬಿದ ಲಾರಿಯೊಂದು ಬಂತು. ನಮ್ಮ ಗಾಡಿ ದಾರಿಗೆ ಅಡ್ಡ ನಿಂತಿತ್ತು. ಚಾಲಕ ಇಳಿದು ಒಳಗೆ ಇಣುಕಿದ.

“ಮಾಸ್ತರ್ ಸಾಬ್, ನಾ ರಾಯಚೂರಿಗೆ ಹೊಂಟೀನಿ. ಅಮ್ಮಾಗ ಹತ್ತಿ ಮ್ಯಾಲ ಮಲಗಸ್ರಿ.”

ಒಂದು ಕೈಯೂ ಏಳಲಿಲ್ಲ. ಗಾಡಿಯನ್ನು ದಾರಿಯ ಬದಿಗೆ ಸರಿಸಿ, ಎತ್ತು ಕಟ್ಟಿಹಾಕಿ, ಎಲ್ಲರೂ ಲಾರಿ ಹತ್ತಿದೆವು.

“ಮುಂಜಾನಿ ತಂದಿದ್ರ ಕಾಲು ಉಳಸಾಕ ನೋಡಬಹುದಿತ್ತು,” ಎಂದರು ಡಾಕ್ಟರು. “ಇಷ್ಟೊತ್ತು ಏನು ಮಾಡಾಕತ್ತಿದ್ರಿ?”

“ಕೈ ಎಣಸಾಕತ್ತಿದ್ದೆ,” ಎಂದೆ.

ಅಕ್ಕನ ಜೀವ ಉಳಿಯಿತು. ಸಂಜೆ, ಕತ್ತರಿಸಿ ಬಟ್ಟೆಯಲ್ಲಿ ಸುತ್ತಿದ ಅವಳ ಕಾಲನ್ನು ನನ್ನ ಕೈಗಿತ್ತರು. ಎಲ್ಲಿ ಹೂಳೋಣವೆಂದು ಮೂವರನ್ನೂ ಕೇಳಿದೆ.

“ನೀವ ನೋಡ್ರಿ,” ಎಂದರು ಮೂವರೂ. ಆ ದಿನದ ಏಕೈಕ ಸರ್ವಾನುಮತ.

ದವಾಖಾನೆಯ ಹಿಂದೆ ಕುಣಿ ತೋಡಿದೆ, ಹೂತೆ, ಮಣ್ಣು ತುಳಿದು ಗಟ್ಟಿ ಮಾಡಿದೆ.